ಜೂನ್ ತಿಂಗಳಲ್ಲಿ ಫ್ರಾನ್ಸಿನ ಹಳ್ಳಿಗಾಡಿನ ಬೈಕ್ ಸವಾರಿ: ಅನುಭವಿಗಳ ಸಲಹೆ ಬೇಕಾಗಿದೆ

ದಾರಿಹೋಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ತಿಂಗಳ ಉತ್ತರಾರ್ಧದಲ್ಲಿ ನಾನು ಮತ್ತು ನನ್ನ ಪತ್ನಿ ಲಿಯಾನ್ ನಗರದಲ್ಲಿ ಬೈಕೊಂದನ್ನು ಬಾಡಿಗೆಗೆ ಪಡೆದು, ಓವೆರ್ನ್ ಪ್ರಾಂತ್ಯದ ಆರಿದ ಜ್ವಾಲಾಮುಖಿಗಳ ಸೀಮೆ, ತಾರ್ನ್ ನದಿಯ ಕಮರಿ, ಸೆವೆನ್ ಬೆಟ್ಟಗಳು ಹಾಗೂ ವೆರ್ಕೋರ್ ಪ್ರಸ್ಥಭೂಮಿಯನ್ನು ಸುತ್ತಿ ಮರಳಿ ಲಿಯಾನಿಗೇ ಬರುವ ಯೋಜನೆ ಹಾಕಿಕೊಂಡಿದ್ದೇವೆ. ಹೆದ್ದಾರಿಗಳನ್ನು ಆದಷ್ಟು ಬಿಟ್ಟು ಸಣ್ಣ ರಸ್ತೆಗಳಲ್ಲೇ ಸಾಗಬೇಕೆಂಬುದು ನಮ್ಮ ಆಸೆ. ನಕಾಶೆ ನೋಡಿ ದಿನಕ್ಕೆ 400 ಕಿ.ಮೀ. ಎಂದು ಲೆಕ್ಕ ಹಾಕಿದ್ದೇನೆ, ಇದು ಸಾಧ್ಯವೇ? ಭಾರತದ ಚಾಲನಾ ಪರವಾನಗಿ ಅಲ್ಲಿ ನಡೆಯುತ್ತದೆಯೇ, ರಸ್ತೆಯ ಬಲಬದಿಯಲ್ಲಿ ಓಡಿಸುವಾಗ ವಿಶೇಷವಾಗಿ ಎಲ್ಲಿ ಎಚ್ಚರ ಬೇಕು, ಪೆಟ್ರೋಲ್ ಹಾಗೂ ಊಟದ ವ್ಯವಸ್ಥೆ ಹೇಗಿರುತ್ತದೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ನಾವಿಬ್ಬರೂ ಸಸ್ಯಾಹಾರಿಗಳು.

ಎರಡು ಗಾಲಿ (ಉತ್ತರ)

ನಮಸ್ಕಾರ ದಾರಿಹೋಕ ಅವರೆ. ಮೊದಲು ಆ 400 ಕಿ.ಮೀ. ಲೆಕ್ಕವನ್ನು ಅರ್ಧಕ್ಕೆ ಇಳಿಸಿಕೊಳ್ಳಿ. ನೀವು ಹೇಳಿದ ಸೀಮೆಯ ರಸ್ತೆಗಳು ಬಹುಪಾಲು 'ಡಿ' ಅಕ್ಷರದ ಜಿಲ್ಲಾ ರಸ್ತೆಗಳು. ಟಾರು ಚೆನ್ನಾಗಿರುತ್ತದೆ, ವಾಹನ ವಿರಳ, ಆದರೆ ತಿರುವಿನ ಮೇಲೆ ತಿರುವು, ನಡುನಡುವೆ ವೇಗ ತಗ್ಗಿಸಲೇಬೇಕಾದ ಹಳ್ಳಿಗಳು. ಹಿಂಬದಿಯಲ್ಲಿ ಒಬ್ಬರನ್ನು ಕೂರಿಸಿಕೊಂಡು, ಸಾಮಾನು ಹೇರಿಕೊಂಡು ದಿನಕ್ಕೆ 200ರಿಂದ 250 ಕಿ.ಮೀ. ಸಾಗಿದರೆ ಅದೇ ತುಂಬಿದ ದಿನ. ಅದಕ್ಕಿಂತ ಹೆಚ್ಚು ಓಡಿಸಬಹುದು, ಆದರೆ ಆಗ ಸಣ್ಣ ರಸ್ತೆಯನ್ನು ಆರಿಸಿಕೊಂಡದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮಾರ್ಗದ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಲಿಯಾನಿನಿಂದ ಲ ಪ್ವಿ-ಆನ್-ವೆಲೆ, ಅಲ್ಲಿಂದ ಕಾಂತಾಲ್ ಬೆಟ್ಟಗಳಿಗೆ ಹೋಗಿ ಪ್ವಿ ಮಾರಿ ಶಿಖರದ ಮಗ್ಗುಲಲ್ಲಿರುವ ಪಾ ದ ಪೇರೋಲ್ ಕಣಿವೆದಾರಿಯನ್ನು (ಬೆಟ್ಟಸಾಲನ್ನು ಏರಿ ದಾಟುವ ರಸ್ತೆ) ದಾಟಿ. ಸುಮಾರು 1,589 ಮೀಟರ್ ಎತ್ತರದ ಈ ದಾರಿ ಫ್ರಾನ್ಸಿನ ನಡುನಾಡಿನ ಬೆಟ್ಟಸಾಲಿನಲ್ಲಿ ಅತಿ ಎತ್ತರದ್ದು, ಚಳಿಗಾಲದಲ್ಲಿ ಮುಚ್ಚಿರುತ್ತದೆ, ಜೂನ್‌ನಲ್ಲಿ ತೆರೆದಿರುತ್ತದೆ. ಬಳಿಕ ದಕ್ಷಿಣಕ್ಕೆ ಇಳಿಯುವಾಗ ಗುಸ್ತಾವ್ ಐಫೆಲ್ ಅವರ ಸಂಸ್ಥೆ ಕಟ್ಟಿದ ಗರಾಬಿ ರೈಲು ಸೇತುವೆಯನ್ನು ನೋಡಿಕೊಂಡು ಸೇಂತ್-ಎನಿಮಿ ತಲುಪಿದರೆ ತಾರ್ನ್ ಕಮರಿ ಸಿಗುತ್ತದೆ. ಕಮರಿಯ ತಳದ ರಸ್ತೆಯನ್ನು ಬೆಳಿಗ್ಗೆ ಬೇಗ ಮುಗಿಸುವುದು ಒಳ್ಳೆಯದು, ಏಕೆಂದರೆ ಹೊತ್ತೇರಿದಂತೆ ಕ್ಯಾಂಪರ್ ವ್ಯಾನುಗಳು ಮುಂದೆ ಸಾಲುಗಟ್ಟಿದರೆ ಬಂಡೆಯ ಚಾಚಿನ ಕೆಳಗಿನ ಇಕ್ಕಟ್ಟಿನಲ್ಲಿ ಅವನ್ನು ಹಿಂದಿಕ್ಕುವ ಜಾಗವೇ ಇರುವುದಿಲ್ಲ. ಫ್ಲೋರಾಕ್‌ನಿಂದ ಸೇನ್-ಜಾನ್-ದ್ಯು-ಗಾರ್ ಊರಿಗೆ ಬೆಟ್ಟದ ಬೆನ್ನಿನ ಮೇಲೆಯೇ ಸಾಗುವ ಸೆವೆನ್ ಕಾರ್ನಿಶ್ ರಸ್ತೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಈ ಇಡೀ ಸುತ್ತಿನಲ್ಲಿ ನನಗೆ ಅತ್ಯಂತ ಇಷ್ಟವಾದ ರಸ್ತೆ ಅದು. ಅಲ್ಲಿಂದ ಆರ್ದೆಶ್ ಕಮರಿ, ದೀ ಪಟ್ಟಣ, ಕೋಲ್ ದ ರೂಸೆ ಕಣಿವೆದಾರಿಯನ್ನು ಏರಿದರೆ ವೆರ್ಕೋರ್. ಅಲ್ಲಿ ಬಂಡೆಯ ಗೋಡೆಯನ್ನೇ ಕೊರೆದು ಮಾಡಿದ ಕೋಂಬ್ ಲಾವಾಲ್ ರಸ್ತೆಯನ್ನು ಇಳಿದರೆ ಲಿಯಾನಿನ ಕಡೆಗೆ ಮುಖ ಮಾಡಿದಂತಾಯಿತು. ಹವೆ ಕೆಟ್ಟು ಒಂದು ದಿನ ವೇಗವಾಗಿ ಸಾಗಬೇಕಾಗಿ ಬಂದರೆ, ಕ್ಲೆರ್ಮೋನ್-ಫೆರಾನ್‌ನಿಂದ ದಕ್ಷಿಣಕ್ಕೆ ಹೋಗುವ ಎ75 ಹೆದ್ದಾರಿಗೆ ಮಿಯೋ ಸೇತುವೆಯೊಂದನ್ನು ಬಿಟ್ಟರೆ ಟೋಲ್ ಇಲ್ಲ.

ಇನ್ನು ಎಚ್ಚರದ ಮಾತು. ನಮ್ಮವರು ಬಲಬದಿಯ ಸವಾರಿಗೆ ಹೆದರುತ್ತಾರೆ. ದಟ್ಟ ಸಂಚಾರದಲ್ಲಿ ಅದು ಅಷ್ಟು ಕಷ್ಟವಲ್ಲ, ಮುಂದಿನ ವಾಹನವೇ ದಾರಿ ತೋರಿಸುತ್ತದೆ. ತಪ್ಪುವುದು ಖಾಲಿ ರಸ್ತೆಯಲ್ಲಿ: ಬೆಳಿಗ್ಗೆ ಹೋಟೆಲಿನಿಂದ ಹೊರಡುವಾಗ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಫೋಟೋ ತೆಗೆಯಲೆಂದು ರಸ್ತೆಯ ಎಡಮಗ್ಗುಲಲ್ಲಿ ನಿಂತು ಮತ್ತೆ ಹೊರಡುವಾಗ. ಈ ಮೂರು ಸಂದರ್ಭಗಳಲ್ಲಿ ಬೈಕು ಕದಲುವ ಮುನ್ನ ಹಿಂದೆ ಕುಳಿತವರು "ಬಲಕ್ಕೆ" ಎಂದು ಜೋರಾಗಿ ಹೇಳುವ ಪದ್ಧತಿ ಇಟ್ಟುಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು 'ಬಲಕ್ಕೆ ಆದ್ಯತೆ' ಎಂಬ ನಿಯಮ. ಯಾವ ಫಲಕವೂ ಗೆರೆಯೂ ಇಲ್ಲದ ಕೂಡುರಸ್ತೆಯಲ್ಲಿ, ನಿಮ್ಮ ರಸ್ತೆ ಎಷ್ಟೇ ಅಗಲವಾಗಿದ್ದರೂ, ಬಲಗಡೆಯ ಓಣಿಯಿಂದ ಬರುವವರಿಗೆ ನೀವು ದಾರಿ ಬಿಡಬೇಕು. ಹಳ್ಳಿಯೊಳಗೆ ಎರಡು ಮನೆಗಳ ನಡುವಿನ ಸಂದಿಯಿಂದ ಟ್ರ್ಯಾಕ್ಟರೊಂದು ಅತ್ತಿತ್ತ ನೋಡದೆ ಸೀದಾ ರಸ್ತೆಗಿಳಿದರೆ ಕಾನೂನು ಆ ಚಾಲಕನ ಪರವಾಗಿಯೇ ಇರುತ್ತದೆ. ಬಿಳಿ ಅಂಚಿನ ಹಳದಿ ವಜ್ರಾಕೃತಿಯ ಫಲಕ ಕಂಡರೆ ಆದ್ಯತೆ ನಿಮ್ಮದು. ಅದೇ ಫಲಕದ ಮೇಲೆ ಕಪ್ಪು ಅಡ್ಡಗೆರೆ ಇದ್ದರೆ ಆ ಆದ್ಯತೆ ಅಲ್ಲಿಗೆ ಮುಗಿಯಿತು. ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಅಪಾಯ ಕಳೆಯಿತು. ಸರ್ಕಲ್‌ಗಳಲ್ಲಿ ಸಾಮಾನ್ಯವಾಗಿ ಒಳಗೆ ಸುತ್ತುತ್ತಿರುವವರಿಗೆ, ಅಂದರೆ ಎಡಗಡೆಯಿಂದ ಬರುವವರಿಗೆ ಆದ್ಯತೆ.

ಉಳಿದ ಅರ್ಧ ಅಪಾಯ ಜಲ್ಲಿಯದು. ಬೇಸಿಗೆಯಲ್ಲಿ ಅಲ್ಲಿನ ಸಣ್ಣ ರಸ್ತೆಗಳಿಗೆ ಬಿಸಿ ಟಾರು ಸುರಿದು, ಮೇಲೆ ಸಣ್ಣ ಜಲ್ಲಿ ಹರಡಿ, ಅದನ್ನು ಒತ್ತಿ ಕೂರಿಸುವ ಕೆಲಸವನ್ನು ಓಡಾಡುವ ವಾಹನಗಳಿಗೇ ಬಿಡುತ್ತಾರೆ. 'ಗ್ರಾವಿಯೋನ್' (ಜಲ್ಲಿ) ಎಂಬ ಫಲಕ ಕಂಡ ಕೂಡಲೇ, ನೇರವಾಗಿರುವಾಗಲೇ ವೇಗ ಇಳಿಸಿ. ಕಾರಿನ ಚಕ್ರಗಳು ಹಾದ ಜಾಡು ಕಪ್ಪಗೆ, ಹೆಚ್ಚುಕಡಿಮೆ ಸ್ವಚ್ಛವಾಗಿರುತ್ತದೆ. ಎರಡು ಜಾಡುಗಳ ನಡುವೆ ಮತ್ತು ತಿರುವಿನ ಹೊರ ಅಂಚಿನಲ್ಲಿ ಸಡಿಲ ಜಲ್ಲಿ ದಿಬ್ಬಗಟ್ಟಿರುತ್ತದೆ. ಜಾಡನ್ನು ಹಿಡಿದು, ಬೈಕನ್ನು ಆದಷ್ಟು ವಾಲಿಸದೆ, ಮುಂಬ್ರೇಕನ್ನು ಮುಟ್ಟದೆ ದಾಟಿ. ಮುಂದಿನ ಕಾರಿನಿಂದ ಸಾಕಷ್ಟು ದೂರದಲ್ಲಿರಿ, ಏಕೆಂದರೆ ಅದರ ಚಕ್ರದಿಂದ ಸಿಡಿದ ಕಲ್ಲು ಹೆಲ್ಮೆಟ್ಟಿನ ಗಾಜಿಗೇ ಬಂದು ಬಡಿಯುತ್ತದೆ. ಹಾಗೆಯೇ ರಸ್ತೆಯ ಬಿರುಕುಗಳಿಗೆ ತುಂಬಿದ ಟಾರಿನ ಪಟ್ಟಿಗಳು ಸುಡುಬಿಸಿಲಿಗೆ ಮೆತ್ತಗಾಗಿಯೂ ಮಳೆಗೆ ನುಣುಪಾಗಿಯೂ ಜಾರುತ್ತವೆ.

ಕಾಗದಪತ್ರ (ಉತ್ತರ)

ದಾಖಲೆಗಳ ವಿಷಯ ನಾನು ಹೇಳುತ್ತೇನೆ. ಅಲ್ಪಾವಧಿಗೆ ಹೋಗುವ ಪ್ರವಾಸಿಗರಿಗೆ ಭಾರತದ ಪರವಾನಗಿ ಫ್ರಾನ್ಸಿನಲ್ಲಿ ನಡೆಯುತ್ತದೆ. ಆದರೆ ಅದರ ಜತೆಗೆ ಅಧಿಕೃತ ಫ್ರೆಂಚ್ ಅನುವಾದ ಅಥವಾ ಆರ್‌ಟಿಒ ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಬೇಕು. ಈ ಎರಡನೆಯದು ಒಂದು ವರ್ಷದ ಅವಧಿಯದು, ಮೂಲ ಪರವಾನಗಿಯಿಲ್ಲದೆ ಅದಕ್ಕೆ ಬೆಲೆಯಿಲ್ಲ, ಮತ್ತು ಅದರಲ್ಲಿ ಮೋಟಾರ್ ಸೈಕಲ್ ವರ್ಗಕ್ಕೆ ಮುದ್ರೆ ಬಿದ್ದಿದೆಯೇ ಎಂಬುದನ್ನು ಕಚೇರಿಯಿಂದ ಹೊರಬರುವ ಮೊದಲೇ ನೋಡಿಕೊಳ್ಳಿ. ಬಾಡಿಗೆ ಅಂಗಡಿಗಳಿಗೆ ವಯಸ್ಸು ಮತ್ತು ಪರವಾನಗಿ ಪಡೆದು ಕಳೆದ ವರ್ಷಗಳ ಬಗ್ಗೆ ತಮ್ಮದೇ ಷರತ್ತುಗಳಿರುತ್ತವೆ. ಬೈಕಿನ ಶಕ್ತಿ ಹೆಚ್ಚಿದಷ್ಟೂ ಷರತ್ತು ಬಿಗಿ. ಠೇವಣಿಯ ಮೊತ್ತವನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರಾದ್ದರಿಂದ ಕಾರ್ಡಿನ ಮಿತಿಯಲ್ಲಿ ಅಷ್ಟು ಜಾಗ ಇರಲಿ.

ಷೆಂಗೆನ್ ವೀಸಾಕ್ಕಾಗಿ ನೀವು ಕೊಳ್ಳುವ ಪ್ರವಾಸಿ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸಬೇಕೆಂಬುದು ನಿಯಮ. ಇಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬೇಡಿ. ಎಷ್ಟೋ ವಿಮಾಪತ್ರಗಳಲ್ಲಿ ದ್ವಿಚಕ್ರ ವಾಹನದ ಅಪಘಾತಗಳನ್ನು, ಅಥವಾ ನಿರ್ದಿಷ್ಟ ಸಿಸಿ ಮೀರಿದ ಬೈಕುಗಳ ಅಪಘಾತಗಳನ್ನು, ಸಣ್ಣ ಅಕ್ಷರಗಳಲ್ಲಿ ಹೊರಗಿಟ್ಟಿರುತ್ತಾರೆ. ನಿಮ್ಮ ಪತ್ನಿಯವರಿಗೂ ಹಿಂಬದಿ ಸವಾರರಾಗಿ ರಕ್ಷಣೆ ಇದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ನನ್ನ ದೃಷ್ಟಿಯಲ್ಲಿ ಇಡೀ ಸಿದ್ಧತೆಯಲ್ಲಿ ಜನ ಅತಿ ಹೆಚ್ಚು ಉದಾಸೀನ ಮಾಡುವುದು ಇದನ್ನೇ.

ಉಡುಪಿನ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಹೆಲ್ಮೆಟ್ ಇಬ್ಬರಿಗೂ ಕಡ್ಡಾಯ. 2016ರ ನವೆಂಬರ್‌ನಿಂದ ಸಿಇ ಎಂಬ ಯುರೋಪಿನ ಸುರಕ್ಷಾ ಗುರುತಿರುವ ಕೈಗವಸುಗಳು ಕೂಡ ಸವಾರ ಮತ್ತು ಹಿಂಬದಿ ಸವಾರರಿಬ್ಬರಿಗೂ ಕಡ್ಡಾಯವಾಗಿವೆ, ಬಿಸಿಲೆಷ್ಟಿದ್ದರೂ ವಿನಾಯಿತಿಯಿಲ್ಲ. ಬೈಕು ಕೆಟ್ಟು ರಸ್ತೆಬದಿಯಲ್ಲಿ ನಿಂತಾಗ ತೊಡಲು ಹೊಳೆಯುವ ಸುರಕ್ಷಾ ಜಾಕೆಟ್ ಕೈಗೆಟುಕುವಂತಿರಬೇಕು. ಕಿವಿಯೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡಿಸುವುದು 2015ರಿಂದ ನಿಷಿದ್ಧ. ಹೆಲ್ಮೆಟ್ಟಿನಲ್ಲೇ ಜೋಡಿಸಿದ ಇಂಟರ್‌ಕಾಮ್‌ಗೆ ಅಡ್ಡಿಯಿಲ್ಲ. ಪೊಲೀಸರ ವೇಗ ಅಳೆಯುವ ರಾಡಾರ್ ಪತ್ತೆಹಚ್ಚುವ ಉಪಕರಣವನ್ನಂತೂ ಇಟ್ಟುಕೊಳ್ಳಲೇಬೇಡಿ.

ವೇಗದ ಮಿತಿ (ಗಂಟೆಗೆ ಕಿ.ಮೀ.): ಊರ ಹೆಸರಿನ ಕೆಂಪು ಅಂಚಿನ ಫಲಕ ಕಂಡಲ್ಲಿಂದ 50, ಬೇರೆ ಅಂಕಿಯ ಫಲಕ ಇಲ್ಲದಿದ್ದರೂ ಸರಿ, ಅದೇ ಹೆಸರನ್ನು ಅಡ್ಡಗೆರೆ ಎಳೆದು ತೋರಿಸಿದಲ್ಲಿಗೆ ಆ ಮಿತಿ ಮುಗಿಯುತ್ತದೆ. ಊರ ಹೊರಗೆ ನಡುವೆ ವಿಭಜಕವಿಲ್ಲದ ರಸ್ತೆಗಳಲ್ಲಿ 2018ರ ಜುಲೈಯಿಂದ 80. ಮುಂದೆ ಕೆಲವು ಜಿಲ್ಲೆಗಳು ತಮ್ಮ ಕೆಲವು ರಸ್ತೆಗಳಲ್ಲಿ 90ಕ್ಕೆ ಮರಳಿರುವುದರಿಂದ ಫಲಕವನ್ನೇ ನಂಬಬೇಕು. ಹೆದ್ದಾರಿಯಲ್ಲಿ 130, ಮಳೆ ಬೀಳುತ್ತಿದ್ದರೆ 110. ಅವಘಡವಾದರೆ 112ಕ್ಕೆ ಕರೆ ಮಾಡಿ. ಎದುರು ಪಕ್ಷದವರು ಎರಡೂ ಕಡೆಯವರು ತುಂಬುವ ಅಪಘಾತದ ನಮೂನೆಯನ್ನು ಮುಂದಿಟ್ಟರೆ, ಅರ್ಥವಾಗದ ಸಾಲಿನ ಕೆಳಗೆ ಸಹಿ ಹಾಕಬೇಡಿ.

ಬುತ್ತಿಗಂಟು (ಉತ್ತರ)

ಮೇಲಿನವರು ರಸ್ತೆಯನ್ನೂ ಕಾನೂನನ್ನೂ ಹೇಳಿದ್ದಾರೆ. ಆದರೆ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ನಿಮ್ಮ ದಿನವನ್ನು ನಿಜವಾಗಿ ಆಳುವುದು ಗಡಿಯಾರ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಡಿಗಳು ಬಾಗಿಲು ಹಾಕುತ್ತವೆ, ಹೋಟೆಲುಗಳು ಊಟ ಬಡಿಸಲು ಆರಂಭಿಸುತ್ತವೆ. ಒಂದೂವರೆ ದಾಟಿದ ಮೇಲೆ ಹೋದರೆ ಅಡುಗೆಮನೆ ಮುಚ್ಚಿದೆ ಎಂಬ ಉತ್ತರ ಸಿಗುವ ಸಂಭವವೇ ಹೆಚ್ಚು, ಮತ್ತೆ ಊಟ ಸಂಜೆ ಏಳರ ಸುಮಾರಿಗೆ. ಭಾನುವಾರ ಮಧ್ಯಾಹ್ನದ ನಂತರ ಹಾಗೂ ಸೋಮವಾರ ಅನೇಕ ಊರುಗಳಲ್ಲಿ ಏನೂ ತೆರೆದಿರುವುದಿಲ್ಲ. ಆದ್ದರಿಂದ ಬೆಳಿಗ್ಗೆಯೇ ಬೇಕರಿಯಲ್ಲಿ ಬ್ರೆಡ್ಡು, ಸಂತೆಯಲ್ಲಿ ಹಣ್ಣು ಕೊಂಡು ಬೈಕಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಸಂತೆಯ ದಿನ ಊರ ಚೌಕದಲ್ಲಿ ವಾಹನ ನಿಲ್ಲಿಸಬಾರದೆಂಬ ಫಲಕ ಇರುತ್ತದೆ. ಹಿಂದಿನ ರಾತ್ರಿ ಅಲ್ಲಿ ಬೈಕು ನಿಲ್ಲಿಸುವ ಮುನ್ನ ಅದನ್ನು ಓದಿ.

ಸಸ್ಯಾಹಾರ ಕಷ್ಟ, ಆದರೆ ಅಸಾಧ್ಯವಲ್ಲ. ದಿನದ ಅಡುಗೆ ಎಂದು ಹಲಗೆಯಲ್ಲಿ ಬರೆದದ್ದು ಬಹುತೇಕ ಮಾಂಸದ್ದೇ. ಹಸಿರು ಸಲಾಡ್ ಎಂದುಕೊಂಡು ತರಿಸಿದ ತಟ್ಟೆಯಲ್ಲೂ ಹಂದಿಮಾಂಸದ ಚೂರುಗಳು ಬರುವುದುಂಟು. ಆರ್ಡರ್ ಕೊಡುವಾಗಲೇ 'ಸಾನ್ ವ್ಯಾಂದ್, ಸಾನ್ ಲಾರ್ದೋನ್' (ಮಾಂಸ ಬೇಡ, ಹಂದಿಮಾಂಸದ ಚೂರು ಬೇಡ) ಎಂದು ಹೇಳಿಬಿಡಿ. ಲ ಪ್ವಿ ಊರಿನ ಹಸಿರು ಮಸೂರ ಬೇಳೆ ಪ್ರಸಿದ್ಧವಾದರೂ ಹೋಟೆಲಿನಲ್ಲಿ ಅದನ್ನು ಸಾಸೇಜಿನ ಜತೆಗೇ ಬೇಯಿಸಿರುವುದು ಸಾಮಾನ್ಯ. ನಿಮ್ಮ ಮಾರ್ಗದಲ್ಲಿ ನೆಚ್ಚಿಕೊಳ್ಳಬಹುದಾದದ್ದು ಓಬ್ರಾಕ್ ಸೀಮೆಯ ಅಲಿಗೋ: ಬೇಯಿಸಿದ ಆಲೂಗಡ್ಡೆಗೆ ಎಳೆಯ ಚೀಸ್, ಬೆಣ್ಣೆ, ಕೆನೆ, ಬೆಳ್ಳುಳ್ಳಿ ಹಾಕಿ, ಸೌಟನ್ನು ಮೇಲೆತ್ತಿದರೆ ಮಾರುದ್ದ ಎಳೆ ಬರುವವರೆಗೆ ತೊಳಸುತ್ತಾರೆ. ಪಕ್ಕದಲ್ಲಿ ಸಾಸೇಜ್ ಬೇಡ ಎಂದರಾಯಿತು. ಮೊಟ್ಟೆ ತಿನ್ನುವವರಾದರೆ ಆಮ್ಲೆಟ್ ಎಲ್ಲೆಡೆ ಸಿಗುತ್ತದೆ. ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸಿ ಹೆಪ್ಪುಗಟ್ಟಿಸುತ್ತಾರೆ. ಕಟ್ಟುನಿಟ್ಟಿನವರಾದರೆ ಈ ಸಂಗತಿ ಮೊದಲೇ ತಿಳಿದಿರಲಿ.

ಪೆಟ್ರೋಲ್ ಸೂಪರ್ ಮಾರ್ಕೆಟ್‌ಗಳ ಅಂಗಳದಲ್ಲಿ ಅಗ್ಗ. ಊಟದ ಹೊತ್ತಿನಲ್ಲೂ ರಾತ್ರಿಯಲ್ಲೂ ಅವು ಸಿಬ್ಬಂದಿಯಿಲ್ಲದೆ ಕಾರ್ಡಿನಿಂದಷ್ಟೇ ನಡೆಯುತ್ತವೆ: ಮೊದಲು ಪಿನ್ ಒತ್ತಬೇಕು, ಯಂತ್ರ ದೊಡ್ಡ ಮೊತ್ತವೊಂದನ್ನು ತಾತ್ಕಾಲಿಕವಾಗಿ ತಡೆಹಿಡಿದು ಆಮೇಲೆ ನಿಜವಾದ ಬಿಲ್ಲನ್ನು ಕಳೆದುಕೊಳ್ಳುತ್ತದೆ. ನಮ್ಮ ದೇಶದ ಕೆಲವು ಕಾರ್ಡುಗಳನ್ನು ಈ ಯಂತ್ರಗಳು ಒಪ್ಪುವುದಿಲ್ಲವಾದ್ದರಿಂದ ಎರಡು ಬೇರೆ ಬೇರೆ ಕಾರ್ಡು ಇರಲಿ, ಮತ್ತು ಟ್ಯಾಂಕ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸಿ; ಫ್ಲೋರಾಕ್ ಸುತ್ತಲಿನ ಬೆಟ್ಟಗಳಲ್ಲಿ ಬಂಕುಗಳು ತೀರಾ ವಿರಳ. ಪಂಪಿನ ಮೇಲೆ ವೃತ್ತದೊಳಗೆ ಇ5 ಅಥವಾ ಇ10 ಎಂದಿದ್ದರೆ ಅದು ಪೆಟ್ರೋಲ್, ಚೌಕದೊಳಗೆ ಬಿ7 ಎಂದಿದ್ದರೆ ಡೀಸೆಲ್. ವೃತ್ತದೊಳಗೇ ಇರುವ ಇ85 ಬೆಲೆಯಲ್ಲಿ ಆಕರ್ಷಕವಾಗಿ ಕಂಡರೂ ಬಾಡಿಗೆ ಬೈಕಿಗೆ ಹಾಕಬೇಡಿ, ಅದರಲ್ಲಿ ಬಹುಪಾಲು ಎಥನಾಲ್.

ನೀರಿಗೆ ಒಂದು ಉಪಾಯವಿದೆ. ಹಳ್ಳಿಯ ಸ್ಮಶಾನದ ಬಾಗಿಲಲ್ಲಿ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ. 'ನೋನ್ ಪೊತಾಬ್ಲ್' (ಕುಡಿಯಲು ಯೋಗ್ಯವಲ್ಲ) ಎಂದು ಬರೆದಿರದಿದ್ದರೆ ಸಾಮಾನ್ಯವಾಗಿ ಅದು ಊರಿನ ಕುಡಿಯುವ ನೀರೇ. ಯಾರೇ ಎದುರಾದರೂ ಮೊದಲು 'ಬೋಂಜೂರ್' ಹೇಳಿ, ಆಮೇಲೆ ವಿಷಯ ಕೇಳಿ. ಎದುರಿನಿಂದ ಬರುವ ಬೈಕಿನವರು ಎಡಗೈಯ ಎರಡು ಬೆರಳು ಚಾಚುತ್ತಾರೆ, ನೀವೂ ಚಾಚಿ. ಹಿಂದಿಕ್ಕುವ ಬೈಕಿನವರು ಬಲಗಾಲು ಹೊರಚಾಚಿದರೆ ಒದೆಯಲು ಬಂದರೆಂದು ಗಾಬರಿಯಾಗಬೇಡಿ. ಬಲಗೈ ಆಕ್ಸಿಲರೇಟರಿನ ಮೇಲಿರುವುದರಿಂದ ಕಾಲಿನಲ್ಲೇ ಧನ್ಯವಾದ ಹೇಳುವುದು ಅಲ್ಲಿನ ವಾಡಿಕೆ.

ದಾರಿಹೋಕ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ದಿನದ ದೂರವನ್ನು 220 ಕಿ.ಮೀ.ಗೆ ಇಳಿಸಿದ್ದೇನೆ, ವಿಮಾ ಕಂಪನಿಗೆ ಪತ್ರ ಬರೆದಿದ್ದೇನೆ. ಇನ್ನೊಂದೇ ಪ್ರಶ್ನೆ: ವೆರ್ಕೋರ್‌ವರೆಗೆ ಬಂದ ಮೇಲೆ ಆಲ್ಪ್ಸ್ ಹತ್ತಿರವೇ ಇದೆಯಲ್ಲ, ಗಾಲಿಬಿಯೆ ಮತ್ತು ಇಜೆರಾನ್ ಕಣಿವೆದಾರಿಗಳನ್ನೂ ಸೇರಿಸಿಕೊಳ್ಳಬಹುದೇ?

ಎರಡು ಗಾಲಿ

ಸೇರಿಸಿಕೊಳ್ಳದಿರುವುದೇ ಲೇಸು ಎಂದು ನನ್ನ ಅನಿಸಿಕೆ. ಗಾಲಿಬಿಯೆ 2,642 ಮೀಟರ್, ಇಜೆರಾನ್ 2,760 ಮೀಟರಿಗೂ ಮೇಲು. ಹಿಮ ಹೆಚ್ಚು ಬಿದ್ದ ವರ್ಷ ಇವು ಜೂನ್ ನಡುವಿನವರೆಗೂ ತೆರೆಯದೆ ಇರಬಹುದು, ತೆರೆದ ಮೇಲೂ ಹಿಮ ಕರಗಿದ ನೀರು ಬೆಳಗಿನ ಚಳಿಗೆ ತಿರುವಿನ ನೆರಳಿನಲ್ಲಿ ಹೆಪ್ಪುಗಟ್ಟಿರುವುದುಂಟು. ಅಷ್ಟು ದೂರ ಹೋಗಬೇಕೆಂದರೆ ಸೆವೆನ್ ಭಾಗವನ್ನು ಕತ್ತರಿಸಬೇಕಾಗುತ್ತದೆ, ಅದು ನಷ್ಟದ ವ್ಯವಹಾರ. ಆದರೂ ಒಂದು ದಿನ ಉಳಿದರೆ, ವೆರ್ಕೋರ್‌ನಿಂದ ಗ್ರೆನೋಬ್ಲ್ ದಾಟಿ ಕೋಲ್ ದ್ಯು ಲೋತಾರೆಯವರೆಗೆ ಹೋಗಿ ಬನ್ನಿ. ಅದು 2,058 ಮೀಟರ್ ಎತ್ತರದಲ್ಲಿದ್ದು ಚಳಿಗಾಲದಲ್ಲೂ ತೆರೆದಿಡಲಾಗುವ ಮುಖ್ಯ ರಸ್ತೆಯ ಮೇಲಿದೆ. ಗಾಲಿಬಿಯೆಗೆ ಹೋಗುವ ದಾರಿ ಕವಲೊಡೆಯುವುದು ಅಲ್ಲಿಂದಲೇ, ಮತ್ತು ಕಣಿವೆದಾರಿ ತೆರೆದಿದೆಯೇ ಮುಚ್ಚಿದೆಯೇ ಎಂಬ ಫಲಕಗಳನ್ನು ಏರುವ ಮೊದಲೇ ಕಾಣುವಂತೆ ಹಾಕಿರುತ್ತಾರೆ. 'ಊವೆರ್' ಎಂದಿದ್ದರೆ ತೆರೆದಿದೆ, 'ಫೆರ್ಮೆ' ಎಂದಿದ್ದರೆ ಮುಚ್ಚಿದೆ. ಅದನ್ನು ನೋಡಿ, ಆಕಾಶವನ್ನೂ ನೋಡಿ ಅಲ್ಲಿಯೇ ತೀರ್ಮಾನಿಸಿ.