ಕರೆಂಟ್ ಹೋಗಿ ಬಂದ ಮೇಲೆ ಬಿಲ್ಲಿಂಗ್ ಸರ್ವರ್ ಸಿಗ್ತಿಲ್ಲ, ಫಾರ್ಮ್ಯಾಟ್ ಮಾಡಲೇಬೇಕಾ?

ಗೋಣಿಕೊಪ್ಪ_ಲೆಕ್ಕ:

ನಮಸ್ಕಾರ. ಗೋಣಿಕೊಪ್ಪದ ಹತ್ತಿರ ಕಾಫಿ, ಕರಿಮೆಣಸು ಖರೀದಿ ಮಾಡುವ ಒಂದು ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಮೊನ್ನೆ ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ರಾತ್ರಿಯೆಲ್ಲಾ ಕರೆಂಟ್ ಇರಲಿಲ್ಲ, ಬೆಳಗಿನ ಜಾವ ಬಂತು. ಆಫೀಸ್ ತೆಗೆದು ನೋಡಿದರೆ ಸರ್ವರ್ ಕಂಪ್ಯೂಟರ್ ಕಪ್ಪು ಪರದೆಯಲ್ಲಿ ನಿಂತಿತ್ತು, ಎಫ್1 ಒತ್ತಿ ಅಂತ ಕೇಳುತ್ತಿತ್ತು. ಒತ್ತಿದೆವು, ವಿಂಡೋಸ್ ಬಂತು.

ಆಮೇಲೆ ಶುರುವಾಯಿತು. ಮುಂದಿನ ಕೋಣೆಯ ಯಾವ ಕಂಪ್ಯೂಟರಿನಲ್ಲೂ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯುತ್ತಿಲ್ಲ. ಲೆಕ್ಕವೆಲ್ಲ ಇರುವ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಎರರ್ 2003, ಪಕ್ಕದಲ್ಲಿ 10061 ಅಂತ ಬರುತ್ತದೆ. ಸರ್ವರ್ ವಿಳಾಸ 192.168.1.10, ಅದಕ್ಕೆ ಪಿಂಗ್ ಮಾಡಿದರೆ (ಇದ್ದೀಯಾ ಅಂತ ನೆಟ್‌ವರ್ಕಿನಲ್ಲಿ ಕೂಗಿ ಕೇಳಿದರೆ) ಉತ್ತರ ಸರಿಯಾಗಿ ಬರುತ್ತಿದೆ. ಸರ್ವರ್ ಮುಂದೆಯೇ ಕೂತರೆ ಸಾಫ್ಟ್‌ವೇರ್ ಆರಾಮಾಗಿ ತೆರೆಯುತ್ತದೆ, ಅರ್ಜೆಂಟ್ ಇದ್ದ ಕೆಲವು ಬಿಲ್ ಅಲ್ಲೇ ಮಾಡಿದ್ದೇವೆ. ಆದರೆ ಅದೇ ಸರ್ವರಿನಲ್ಲಿ ಜಿಎಸ್‌ಟಿ ಸೈಟ್ ತೆರೆದರೆ ಸುರಕ್ಷಿತವಲ್ಲ ಅಂತ ಬೈಯುತ್ತದೆ. ಗೋಡೌನಿನಲ್ಲಿ ತೂಕದ ಪಕ್ಕ ಇರುವ ಕಂಪ್ಯೂಟರಿಗಂತೂ ನೆಟ್‌ವರ್ಕೇ ಇಲ್ಲ, ಅದರ ಐಪಿ ವಿಳಾಸ 169.254 ಅಂತ ಶುರುವಾಗುತ್ತದೆ.

ಸಾಫ್ಟ್‌ವೇರ್ ಕೊಟ್ಟವರು ಫೋನಿನಲ್ಲೇ ಡೇಟಾಬೇಸ್ ಕೆಟ್ಟಿದೆ, ಸರ್ವರ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು ಅಂದರು. ರೇಟ್ ಬರಲಿ ಅಂತ ಚೆರ್ರಿ ನಮ್ಮಲ್ಲಿ ಇಟ್ಟು ಹೋದ ಬೆಳೆಗಾರರ ಮೂಟೆ, ಔಟ್‌ಟರ್ನ್ (ಚೆರ್ರಿಯಿಂದ ಎಷ್ಟು ಬೇಳೆ ಸಿಗುತ್ತದೆ ಅನ್ನುವ ಲೆಕ್ಕ), ಕೊಟ್ಟ ಅಡ್ವಾನ್ಸ್ ಎಲ್ಲ ಲೆಕ್ಕವೂ ಅದರಲ್ಲಿದೆ. ಕೈ ಹಾಕಲು ಭಯ ಆಗುತ್ತಿದೆ. ಏನು ಮಾಡಲಿ?

ಕುಶಾಲನಗರ_ಕೇಬಲ್:

ಫಾರ್ಮ್ಯಾಟ್ ಮಾಡಲು ಯಾರನ್ನೂ ಬಿಡಬೇಡಿ. ಸರ್ವರ್ ಮುಂದೆ ಕೂತು ಬಿಲ್ ಮಾಡಿದ್ದೀರಿ ಅಂದ ಮೇಲೆ ಡೇಟಾಬೇಸ್ ಓಡುತ್ತಿದೆ, ಅಷ್ಟೇ. ಅದನ್ನು ನೋಡದೆ ಫೋನಿನಲ್ಲೇ ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ.

10061 ಅಂದರೆ ಆ ವಿಳಾಸದಲ್ಲಿ ಒಂದು ಯಂತ್ರ ಇದೆ, ನಿಮ್ಮ ಮಾತು ಅದಕ್ಕೆ ತಲುಪಿದೆ, ಆದರೆ ಮೈಎಸ್‌ಕ್ಯೂಎಲ್‌ನ ಬಾಗಿಲಾದ 3306 ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ವಿಂಡೋಸ್ ಫೈರ್‌ವಾಲ್ ತಡೆದಿದ್ದರೆ ಸಾಮಾನ್ಯವಾಗಿ ಸುಮ್ಮನೆ ಕಾಯಿಸಿ ಕಾಯಿಸಿ 10060 ಬರುತ್ತದೆ. ಸರ್ವರಿನಲ್ಲಿ ಮೈಎಸ್‌ಕ್ಯೂಎಲ್ ಓಡುತ್ತಿದೆ, ಆದರೂ 10061 ಬರುತ್ತಿದೆ. ಹಾಗಾದರೆ 192.168.1.10ರಲ್ಲಿ ಈಗ ಕೂತಿರುವುದು ನಿಮ್ಮ ಸರ್ವರೇ ಹೌದಾ? ಪಿಂಗ್‌ಗೆ ಉತ್ತರ ಬಂತು ಅಂದ ಮಾತ್ರಕ್ಕೆ ಉತ್ತರ ಕೊಟ್ಟವರು ಯಾರು ಅಂತ ಗೊತ್ತಾಗುವುದಿಲ್ಲ.

ಸರ್ವರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ ಕೊಡಿ, ಅದರ ಈಗಿನ ವಿಳಾಸ ಏನು ಬರುತ್ತದೆ ನೋಡಿ. ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ಬ್ರೌಸರ್ ತೆಗೆದು 192.168.1.10 ಅಂತ ಟೈಪ್ ಮಾಡಿ ಏನು ಬರುತ್ತದೆ ಹೇಳಿ. ಸರ್ವರಿನ ಮೂಲೆಯಲ್ಲಿ ತಾರೀಖು ಎಷ್ಟು ತೋರಿಸುತ್ತಿದೆ ಅದನ್ನೂ ಹೇಳಿ, ಅದು ಮುಖ್ಯ.

ಗೋಣಿಕೊಪ್ಪ_ಲೆಕ್ಕ:

ಅಬ್ಬಾ! ಸರ್ವರ್ ಈಗ 192.168.1.14 ಆಗಿದೆ. ಬ್ರೌಸರಿನಲ್ಲಿ 10 ಹಾಕಿದರೆ ನಮ್ಮ ಪ್ರಿಂಟರಿನ ಸೆಟ್ಟಿಂಗ್ ಪೇಜ್ ಬರುತ್ತದೆ, ಇಂಕ್ ಎಷ್ಟಿದೆ ಅಂತೆಲ್ಲ ತೋರಿಸುತ್ತಿದೆ. ತಾರೀಖು 2015ರ ಜನವರಿ 1 ಅಂತಿದೆ.

ಕುಶಾಲನಗರ_ಕೇಬಲ್:

ಹಾಗಾದರೆ ಕಥೆ ಗೊತ್ತಾಯಿತು. ಸರ್ವರಿನ ಮದರ್‌ಬೋರ್ಡ್ ಮೇಲೆ ನಾಣ್ಯದ ಗಾತ್ರದ ಒಂದು ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಅದು ಸತ್ತಿದೆ. ಗೋಡೆಯ ಕರೆಂಟ್ ಇರುವವರೆಗೆ ಗೊತ್ತೇ ಆಗುವುದಿಲ್ಲ. ರಾತ್ರಿಯೆಲ್ಲಾ ಕರೆಂಟ್ ಹೋದಾಗ ಗಡಿಯಾರ ಮರೆತುಹೋಯಿತು, ಕರೆಂಟ್ ಬಂದಾಗ ತಾನೇ ಆನ್ ಆಗಿ ಎಫ್1ಗೆ ಕಾಯುತ್ತಾ ನಿಂತಿತು. ಅಷ್ಟರಲ್ಲಿ ರೂಟರ್ ಎದ್ದು ಯಾರು ಮೊದಲು ಕೇಳಿದರೋ ಅವರಿಗೆ ನಂಬರ್ ಹಂಚಿದೆ. ಹೆಚ್ಚಿನ ಸಣ್ಣ ರೂಟರ್‌ಗಳು ಆಫ್ ಆದರೆ ಹಳೇ ಹಂಚಿಕೆಯ ಪಟ್ಟಿ ಮರೆಯುತ್ತವೆ. ಪ್ರಿಂಟರ್ 10 ತಗೊಂಡಿತು, ಬೆಳಿಗ್ಗೆ ಬಂದ ಸರ್ವರಿಗೆ 14 ಸಿಕ್ಕಿತು. ನಿಮ್ಮ ಸಾಫ್ಟ್‌ವೇರ್ ಇನ್ನೂ ಪ್ರಿಂಟರಿನ ಬಾಗಿಲು ತಟ್ಟುತ್ತಿದೆ. ಜಿಎಸ್‌ಟಿ ಸೈಟಿನ ತಕರಾರೂ ಇದರಿಂದಲೇ, ಸೈಟಿನ ಸರ್ಟಿಫಿಕೇಟ್ 2015ರಲ್ಲಿ ಇನ್ನೂ ಹುಟ್ಟಿಲ್ಲ ಅಲ್ವಾ.

ಮೊದಲು ತಾರೀಖು ಸರಿ ಮಾಡಿ. ಸಂಜೆ ಕೆಲಸ ಮುಗಿದ ಮೇಲೆ ಸರ್ವರ್ ಆಫ್ ಮಾಡಿ, ಪ್ಲಗ್ ಕಿತ್ತು, ಬ್ಯಾಟರಿ ಬದಲಿಸಿ. ಹೊಸದು ಹಾಕಿದ ಮೇಲೆ ಬಯೋಸ್‌ನಲ್ಲಿ (ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್ ಪರದೆ) ಸಮಯ ಕೊಟ್ಟು ಸೇವ್ ಮಾಡಲು ಮರೆಯಬೇಡಿ. ಆಮೇಲೆ ರೂಟರ್ ಒಳಗೆ ಹೋಗಿ, ಅದು ತಾನಾಗಿ ಹಂಚುವ ನಂಬರುಗಳನ್ನು 100ರಿಂದ 200ರ ಒಳಗೆ ಇಡಿ. ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿ, ಅದಕ್ಕೆ ಹೊಸ ನಂಬರ್ ಸಿಗುತ್ತದೆ. ಕಂಪ್ಯೂಟರುಗಳಲ್ಲಿ ಪ್ರಿಂಟರ್ ಐಪಿ ಮೇಲೆ ಸೇರಿಸಿದ್ದರೆ ಅಲ್ಲೂ ಬದಲಿಸಬೇಕು. ಸರ್ವರಿಗೆ ಮಾತ್ರ 192.168.1.10 ಕೈಯಾರೆ ಕೊಡಿ, ಹಂಚುವ ಸಾಲಿನ ಹೊರಗೆ ಇರುವುದರಿಂದ ಇನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಏನೂ ಮುಟ್ಟಬೇಕಾಗಿಲ್ಲ.

ಗೋಡೌನ್ ಬೇರೆಯೇ ರೋಗ. 169.254 ಅಂದರೆ ರೂಟರಿನಿಂದ ನಂಬರ್ ಸಿಗದೆ ವಿಂಡೋಸ್ ತಾನೇ ಒಂದು ಇಟ್ಟುಕೊಂಡಿದೆ ಅಂತ. ಕೇಬಲ್ ಚುಚ್ಚುವ ಜಾಗದ ಲೈಟ್ ನೋಡಿ, ಎರಡೂ ತುದಿಯಲ್ಲಿ. ಅಂಗಳದ ಮೇಲೆ ಕೇಬಲ್ ಎಳೆದಿದ್ದೀರಾ?

ಎಸ್‌ಕ್ಯೂಎಲ್_ಮಡಿಕೇರಿ:

ಮೇಲಿನವರು ಹೇಳಿದ್ದು ಸರಿ. ಆದರೆ ಒಂದು ವಿಷಯ ಬಿಟ್ಟುಹೋಗಿದೆ, ಅದು ನನಗೆ ಎಲ್ಲಕ್ಕಿಂತ ದೊಡ್ಡದು. ಆ ದಿನ ಸರ್ವರ್ ಮುಂದೆ ಕೂತು ಮಾಡಿದ ಬಿಲ್‌ಗಳ ತಾರೀಖು ನೋಡಿದ್ದೀರಾ? ಸಾಫ್ಟ್‌ವೇರ್ ಸರ್ವರಿನ ಗಡಿಯಾರ ನೋಡಿ ತಾರೀಖು ಹಾಕಿದರೆ ಅವೆಲ್ಲ 2015ಕ್ಕೆ ಹೋಗಿ ಕೂತಿರುತ್ತವೆ. ಈ ತಿಂಗಳ ವರದಿಯಲ್ಲಿ ಕಾಣುವುದಿಲ್ಲ, ಬೆಳೆಗಾರರ ಖಾತೆಯ ಬಾಕಿ ಮಾತ್ರ ಬದಲಾಗಿರುತ್ತದೆ. ಆಮೇಲೆ ಹುಡುಕುವವರ ಪಾಡು ಬೇಡ. ಹಿಂದಿನ ದಿನದ ಕೊನೆಯ ಬಿಲ್ ನಂಬರ್ ಹಿಡಿದು ಅದರ ಮುಂದಿನವನ್ನು ಒಂದೊಂದಾಗಿ ತೆರೆದು ನೋಡಿ. ತಪ್ಪಿದ್ದರೆ ಸಾಫ್ಟ್‌ವೇರ್ ಒಳಗಿಂದಲೇ ತಿದ್ದಿ, ನೇರ ಟೇಬಲ್‌ಗೆ ಕೈ ಹಾಕಬೇಡಿ. ಜಿಎಸ್‌ಟಿ ರಿಟರ್ನ್ ಹಾಕುವ ಮೊದಲು ಮುಗಿಸಿ.

ಇನ್ನೊಂದು. ಡೇಟಾಬೇಸ್ ಓಡುತ್ತಿದೆ ಅಂದರೆ ಎಲ್ಲಾ ಟೇಬಲ್ ಚೆನ್ನಾಗಿದೆ ಅಂತಲ್ಲ. ಇನ್ನೋಡಿಬಿ ಅನ್ನುವ ಬಗೆಯ ಟೇಬಲ್ ಆದರೆ ಕರೆಂಟ್ ಹೋದ ಮೇಲೆ ತನ್ನ ಲಾಗ್ ಓದಿ ತಾನೇ ಸರಿಮಾಡಿಕೊಳ್ಳುತ್ತದೆ. ಹಳೇ ಸಾಫ್ಟ್‌ವೇರುಗಳಲ್ಲಿ ಮೈಐಎಸ್‌ಎಎಂ ಅನ್ನುವ ಹಳೇ ಬಗೆಯ ಟೇಬಲ್ ಇನ್ನೂ ಇರುತ್ತವೆ, ಮೈಎಸ್‌ಕ್ಯೂಎಲ್ 5.5ಕ್ಕಿಂತ ಮೊದಲು ಅದೇ ರೂಢಿ. ಅದಕ್ಕೆ ಆ ಶಕ್ತಿ ಇಲ್ಲ. ಮೊದಲು ಮೈಎಸ್‌ಕ್ಯೂಎಲ್‌ಡಂಪ್‌ನಿಂದ ಪೂರ್ತಿ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ, ಆಮೇಲೆ ಟೇಬಲ್ ಪರೀಕ್ಷಿಸುವ ಮೈಎಸ್‌ಕ್ಯೂಎಲ್‌ಚೆಕ್ ಓಡಿಸಿ. ಸರ್ವಿಸ್ ಓಡುತ್ತಿರುವಾಗಲೇ ಡೇಟಾ ಫೋಲ್ಡರ್ ಕಾಪಿ ಮಾಡಿ ಬ್ಯಾಕಪ್ ಆಯಿತು ಅಂತ ಇಟ್ಟುಕೊಳ್ಳುವವರು ಜಾಸ್ತಿ. ಹಾಗೆ ತೆಗೆದ ಕಾಪಿ ಬೇಕಾದಾಗ ತೆರೆಯದೇ ಇರಬಹುದು.

ಯುಪಿಎಸ್ ಇದೆಯಾ? ಬರೆಯಲೇ ಇಲ್ಲ.

ಗೋಣಿಕೊಪ್ಪ_ಲೆಕ್ಕ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೊದಲು ಬ್ಯಾಕಪ್ ತೆಗೆದೆ. ಬ್ಯಾಟರಿ ಹಾಕಿ, ರೂಟರ್ ಸರಿ ಮಾಡಿ, ಸರ್ವರಿಗೆ 10 ಕೊಟ್ಟ ತಕ್ಷಣ ಮುಂದಿನ ಕೋಣೆಯ ಎಲ್ಲವೂ ತೆರೆದವು. ಬಿಲ್ ವಿಷಯ ಹೇಳಿದ್ದು ದೊಡ್ಡ ಉಪಕಾರ, ನಿಜವಾಗಿಯೂ 2015ಕ್ಕೆ ಹೋಗಿದ್ದವು, ತಿದ್ದಿದೆವು. ಚೆಕ್ ಓಡಿಸಿದಾಗ ಎಲ್ಲಾ ಟೇಬಲ್‌ಗೂ ಓಕೆ ಬಂತು.

ಯುಪಿಎಸ್ ಇದೆ, ಆದರೆ ಪ್ಲಗ್ ಕಿತ್ತರೆ ಕೂಗಿ ತಕ್ಷಣ ಸಾಯುತ್ತದೆ. ಗೋಡೌನ್ ಕೇಬಲ್ ಅಂಗಳದ ಮೇಲೆ ಮಾವಿನ ಮರಕ್ಕೆ ಕಟ್ಟಿ ಎಳೆದದ್ದು, ಲೈಟ್ ಎರಡೂ ಕಡೆ ಇಲ್ಲ. ತುದಿಯ ಕ್ಲಿಪ್ ಒಳಗಿನ ಪಿನ್ನುಗಳಿಗೆ ಹಸಿರು ಹಿಡಿದಿದೆ.

ಕುಶಾಲನಗರ_ಕೇಬಲ್:

ಹಸಿರು ಹಿಡಿದಿದೆ ಅಂದರೆ ಮಳೆ ನೀರು ಕೇಬಲ್ ಒಳಗೇ ಇಳಿದು ಬಂದಿದೆ. ತುದಿ ಕತ್ತರಿಸಿ ಹೊಸ ಕ್ಲಿಪ್ ಹಾಕಿದರೆ ಸದ್ಯಕ್ಕೆ ಎದ್ದೀತು, ಈ ಮಳೆಗಾಲ ದಾಟುವುದಿಲ್ಲ.

ಎರಡು ಕಟ್ಟಡದ ಮಧ್ಯೆ ತಾಮ್ರದ ಕೇಬಲ್ ಹೊರಗೆ ಎಳೆಯುವುದೇ ಬೇಡ. ಜೂನ್ ಜುಲೈನಲ್ಲಿ ನಮಗೆ ಗಾಳಿ ಮರದ ಕಾಟ, ಆದರೆ ಏಪ್ರಿಲ್ ಮೇನಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಗುಡುಗು ಸಿಡಿಲು ಬರುತ್ತದಲ್ಲ, ಹತ್ತಿರದ ತೋಟದಲ್ಲಿ ಎಲ್ಲೋ ಸಿಡಿಲು ಬಡಿದರೂ ಆ ಕೇಬಲ್ ಹಿಡಿದು ಸ್ವಿಚ್, ಸರ್ವರ್ ಎರಡನ್ನೂ ಸುಡಬಹುದು. ಫೈಬರ್ ಎಳೆಸಿ, ಎರಡು ತುದಿಗೂ ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್. ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಬೇಕು ಅಂತ ಕೇಳಿಯೇ ತಗೊಳ್ಳಿ. ತಾಮ್ರದ ಲ್ಯಾನ್ ಕೇಬಲ್‌ಗೆ 100 ಮೀಟರ್ ಮಿತಿ ಇದೆ, ಫೈಬರಿಗೆ ನಿಮ್ಮ ಅಂಗಳ ಏನೂ ದೂರ ಅಲ್ಲ.

ಯುಪಿಎಸ್‌ಗೆ ಒಳಗಿನ ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು, ಸಣ್ಣವುಗಳಲ್ಲಿ ಹೆಚ್ಚಾಗಿ 12 ವೋಲ್ಟ್ 7 ಎಎಚ್ ಇರುತ್ತದೆ, ಹಳೆಯದನ್ನು ಅಂಗಡಿಗೆ ತಗೊಂಡು ಹೋಗಿ ತೋರಿಸಿ. ರೂಟರನ್ನೂ ಅದಕ್ಕೇ ಸೇರಿಸಿ. ಬಯೋಸ್‌ನಲ್ಲಿ ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುವುದನ್ನು ಆಫ್ ಮಾಡಿ. ನಮ್ಮಲ್ಲಿ ಕರೆಂಟ್ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ, ಸರ್ವರ್ ಅಷ್ಟು ಸಲವೂ ಎದ್ದು ಬೀಳುವುದು ಡಿಸ್ಕಿಗೂ ಡೇಟಾಬೇಸಿಗೂ ಒಳ್ಳೆಯದಲ್ಲ. ಬೆಳಿಗ್ಗೆ ನೀವೇ ಬಂದು ಬಟನ್ ಒತ್ತಿ.