ದೊಡ್ಡ ಸೈನ್ಯಕ್ಕ ಹೊಸ ಬಣ್ಣ, ಹೊಸ ಬೇಸ್: ನಮ್ಮ ಬಿಸಿಲಿನಾಗ ಏರ್‌ಬ್ರಷ್ ಹೆಂಗ ನಡಸೋದು?

ತೊಗರಿಕಣಜ, ಕಲಬುರಗಿ

ಎಲ್ಲಾರಿಗೂ ನಮಸ್ಕಾರ. ವಾರ್‌ಹ್ಯಾಮರ್ ಅಂದ್ರ ಸಣ್ಣ ಸೈನಿಕರ ಬೊಂಬಿಗೆ (ಮಾಡಲ್) ಬಣ್ಣ ಹಚ್ಚಿ ಮೇಜಿನ ಮ್ಯಾಲ ಆಡೋ ಯುದ್ಧದ ಆಟ; ನನ್ನ ಹತ್ರ ಅದರದು ಹಳೇ ಎಂಪೈರ್ ಸೈನ್ಯ ಅದ. ಕಾಲಾಳು 120, ಅದರಾಗ 30 ಲೋಹದವು, ಉಳಿದವು ಪ್ಲಾಸ್ಟಿಕ್. ಕುದುರಿ ಸವಾರರು 16. ಕಾಲಾಳು ಎಲ್ಲಾ 20 ಎಂಎಂ ಚೌಕ ಬೇಸ್ (ಕಾಲ ಕೆಳಗಿನ ಪೀಠ) ಮ್ಯಾಲ ಅವ. 2024ರಾಗ ಬಂದ ಇದೇ ಆಟದ ಓಲ್ಡ್ ವರ್ಲ್ಡ್ ಆವೃತ್ತಿ ನಿಯಮಕ್ಕ 25 ಎಂಎಂ ಬೇಕು, ಕುದುರಿಗೆ 30×60. ಬಣ್ಣಾನೂ ಹಳೇದಾಗ್ಯಾದ, ಎರಡೂ ಕೂಡೇ ಮಾಡಬೇಕಂತ ಅದ. 0.3 ಎಂಎಂ ನಾಝಲ್ ಏರ್‌ಬ್ರಷ್ (ಗಾಳಿ ಒತ್ತಡದಿಂದ ಬಣ್ಣ ಸಿಂಪಡಿಸೋ ಸಾಧನ), 3 ಲೀಟರ್ ಟ್ಯಾಂಕಿನ ಕಂಪ್ರೆಸರ್ ಅದ.

ಹಳೇ ಬಣ್ಣ ಪೂರ್ತಿ ತೆಗೀಬೇಕೇನು? ಬೇಸ್ ಮೊದಲೋ ಬಣ್ಣ ಮೊದಲೋ? ಇಲ್ಲಿನ ಮಣ್ಣು ಬೇಸಿಗೆ ನಡೀತದೇನು? 42 ಡಿಗ್ರಿ ಬಿಸಿಲಿನಾಗ ಸೂಜಿ ತುದಿಗೇ ಬಣ್ಣ ಒಣಗ್ತದ, ಅದಕ್ಕೇನು ಮಾಡೋದು?

ಭೀಮಾ, ಯಾದಗಿರಿ

ಎಲ್ಲಾ ತೆಗೀಬ್ಯಾಡ್ರಿ. ಮುಖದ ಗೆರಿ, ಬಕಲ್, ಬಟ್ಟಿ ಮಡಿಕಿ ಇನ್ನೂ ಚೂಪಾಗಿ ಕಾಣ್ತಿದ್ರ ಪಾತ್ರೆ ತೊಳಿಯೋ ಸೋಪಿನ ನೀರಿನಾಗ ತೊಳದು, ಒಣಗಿಸಿ, ಹಂಗೇ ಪ್ರೈಮರ್ (ಬಣ್ಣ ಹಿಡೀಲಿ ಅಂತ ಮೊದಲು ಹೊಡಿಯೋ ಪದರು) ಹೊಡೀರಿ. ಗೆರಿ ಮುಚ್ಚಿದವಷ್ಟೇ ಬ್ಯಾರೆ ತೆಗದಿಡ್ರಿ.

ಅವುಕ್ಕ 99% ಐಸೋಪ್ರೊಪೈಲ್ ಆಲ್ಕೋಹಾಲ್, ಮುಚ್ಚಳ ಇರೋ ಗಾಜಿನ ಡಬ್ಬಿ, ಹಳೇ ಹಲ್ಲುಜ್ಜೋ ಬ್ರಷ್. ಅರ್ಧ ತಾಸಿಗೊಮ್ಮೆ ತೆಗದು ತಿಕ್ಕಿ ನೋಡ್ರಿ. ಅಸಿಟೋನ್, ಪೇಂಟಿನ ಥಿನ್ನರ್ ಲೋಹಕ್ಕ ನಡೀತಾವ, ಪ್ಲಾಸ್ಟಿಕ್ ಮಾತ್ರ ಕರಗಿ ಹೋಗ್ತದ. ಹಿಂಗಾಗಿ ಎರಡರ ಡಬ್ಬಿ ಬ್ಯಾರೆ ಬ್ಯಾರೆ ಇರಲಿ. ಡೆಟಾಲ್‌ನಾಗ ಒಂದು ರಾತ್ರಿ ಇಟ್ರೂ ಬಣ್ಣ ಬಿಡ್ತದ, ಆದ್ರ ತಗದ ಕೂಡಲೇ ನೀರು ಮುಟ್ಟಸಬ್ಯಾಡ್ರಿ. ನೀರು ತಾಕಿದ್ರ ಬಿಟ್ಟ ಬಣ್ಣ ಅಂಟು ಅಂಟಾಗಿ ಸಂದಿನಾಗ ಕೂತ್ಕೋತದ. ಡೆಟಾಲ್‌ನಾಗೇ ತಿಕ್ಕಿ, ಹೊಸಾ ಡೆಟಾಲ್‌ನಾಗ ಅದ್ದಿ, ಆಮ್ಯಾಲ ಸೋಪು. ಆಲ್ಕೋಹಾಲ್ ಆವಿಗೆ ಬೆಂಕಿ ಲಗೂ ಹತ್ತತದ, ಅಡಗಿಮನ್ಯಾಗ ಈ ಕೆಲಸ ಬ್ಯಾಡ.

ಹಳೇ ಬೇಸ್ ಬಿಡಸೋಕೆ ಫ್ರೀಜರ್‌ನಾಗ 2-3 ತಾಸು ಇಡ್ರಿ. ಫೆವಿಕ್ವಿಕ್ ಜಾತಿ ಅಂಟು ಥಂಡಿಗೆ ಬಿರುಸಾಗಿ, ಹಗೂರ ತಿರುವಿದ್ರ ಟಕ್ ಅಂತ ಬಿಡ್ತದ. ಪ್ಲಾಸ್ಟಿಕ್ ಸಿಮೆಂಟ್ ಹಾಕಿದ್ದು ಬಿಡಂಗಿಲ್ಲ, ಯಾಕಂದ್ರ ಅಲ್ಲಿ ಎರಡೂ ಪ್ಲಾಸ್ಟಿಕ್ ಕರಗಿ ಒಂದಾಗಿರ್ತಾವ, ಬೇಸನ್ನೇ ಕತ್ತರಿಸಬೇಕು. ಲೋಹದ ಮಾಡಲ್ ಕಾಲ ಕೆಳಗಿನ ಪಟ್ಟಿ ಒಂದೇ ಏಟಿಗೆ ಕತ್ತರಿಸಿದ್ರ ಪಾದ ಸೊಟ್ಟ ಆಗ್ತದ. ತುದಿಯಿಂದ ಚೂರು ಚೂರೇ ಕತ್ತರಿಸಿ, ಉಳಿದದ್ದು ಅರ ಹಾಕಿ ಉಜ್ರಿ. ಆಮ್ಯಾಲ ಪಾದದಾಗ 1 ಎಂಎಂ ತೂತು ಕೊರದು ತಂತಿ ಇಡ್ರಿ. ಬರೀ ಅಂಟಿನ ಮ್ಯಾಲ ಲೋಹದ ಭಾರ ಭಾಳ ದಿನ ನಿಲ್ಲಂಗಿಲ್ಲ.

ಜಂಬಿಟ್ಟಿಗೆ, ಬೀದರ್

ಬೇಸ್ ಮೊದಲು. ಮಾಡಲ್ ಅಂಟಿಸಿ, ಬೇಸಿಗೆ ಫೆವಿಕಾಲ್ ಹಚ್ಚಿ ಉಸುಕು ಹಾಕಿ, ಆಮ್ಯಾಲ ಎರಡಕ್ಕೂ ಕೂಡಿ ಪ್ರೈಮರ್. ಆಗ ಪಾದದ ಸುತ್ತ ಸಂದು ಕಾಣಂಗಿಲ್ಲ.

ಬೋರ್ಡ್ ಮಾಡೋ ಲೇಸರ್ ಕಟಿಂಗ್ ಅಂಗಡ್ಯಾಗ 2 ಎಂಎಂ ಎಂಡಿಎಫ್ (ಕಟ್ಟಿಗಿ ನಾರು ಒತ್ತಿ ಮಾಡಿದ) ಹಾಳಿಯಿಂದ ಬೇಸ್ ಕತ್ತರಿಸಿಕೊಡ್ತಾರ. ಎಂಡಿಎಫ್‌ಗೆ ಒಂದೇ ಕಡೆ ನೀರಿನ ಅಂಟು ಬಿದ್ರ ಹಪ್ಪಳದಂಗ ಬಾಗ್ತದ. ಹಿಂಗಾಗಿ ಮೊದಲು ಎರಡೂ ಮಗ್ಗಲಿಗೆ ವಾರ್ನಿಷ್ ಒಂದು ಕೈ ಹೊಡದು ಒಣಗಸ್ರಿ.

ಎರಿ ಮಣ್ಣು ಬ್ಯಾಡೇ ಬ್ಯಾಡ. ನೀರು ಕುಡದು ಉಬ್ಬತದ, ಒಣಗಿದ್ರ ಸೀಳತದ, ಕಡೀಗೆ ಬಣ್ಣ ಸಮೇತ ಹೆಕ್ಕಳಿಕಿ ಎದ್ದು ಬರ್ತದ. ನಮ್ಮ ಬೀದರ್ ಕಡಿ ಜಂಬಿಟ್ಟಿಗೆ ಪುಡಿ ಇದಕ್ಕ ಹೇಳಿ ಮಾಡಿಸಿದಂಗ ಅದ: ಒರಟು, ಒಂದೊಂದು ಕಾಳು ಒಂದೊಂದು ಆಕಾರ. ನೀರು ತಿಳಿ ಆಗೋ ತನಕ ತೊಳೀರಿ, ಬಿಸಿಲಿಗೆ ಒಣಗಸ್ರಿ, ಚಹಾ ಸೋಸೋ ಜರಡಿಯಿಂದ ಜರಡಿ ಹಿಡೀರಿ. ಧೂಳು ಉಳದ್ರ ಅಂಟು ಕಾಳಿಗೆ ಹತ್ತಂಗಿಲ್ಲ, ಧೂಳಿಗೇ ಹತ್ತತದ. ಬಂಡಿಗಲ್ಲಿಗೆ ಶಹಾಬಾದ್ ಫರಸಿ ಚೂರು ಛಂದ ಕಾಣ್ತದ, ಪದರ ಪದರಾಗಿ ಒಡೀತದ.

ಲೆಕ್ಕ: ಒಂದು ಬೇಸ್ 6.25 ಚದರ ಸೆಂಮೀ, 120ಕ್ಕ 750. ಒಂದು ಎಂಎಂ ದಪ್ಪ ಅಂದ್ರ 75 ಎಂಎಲ್. ಒಂದು ಸಣ್ಣ ಚಹಾ ಕಪ್ಪಿನಷ್ಟು ಪುಡಿ, ಅಷ್ಟೇ. ಅಂಚಿನಿಂದ 1 ಎಂಎಂ ಖಾಲಿ ಬಿಡ್ರಿ, ಇಲ್ಲಂದ್ರ ಸಾಲು ಕೂಡಂಗಿಲ್ಲ. ಐದು ಬೇಸ್ ಅಗಲ 125 ಎಂಎಂ ಆಗ್ತದ ಖರೆ, ಆದ್ರ ಬಣ್ಣದ ದಪ್ಪ ಸೇರ್ತದಲ್ಲ, ಸಾಲು ಇಟ್ಟು ಸರಸೋ ಟ್ರೇ ಒಳಗಿನ ಅಗಲ 127 ಇರಲಿ.

ಫೆವಿಕಾಲ್ ಒಣಗಿದ ಮ್ಯಾಲ, ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು, ಒಂದು ಹನಿ ಪಾತ್ರೆ ಸೋಪು ಕೂಡಿಸಿ ಉಸುಕಿನ ಮ್ಯಾಲ ಹನಿಸ್ರಿ. ಇದನ್ನ ಬಿಟ್ರ ಏರ್‌ಬ್ರಷ್ ಗಾಳಿಗೆ ಕಾಳು ಹಾರಿ ಹಸಿ ಪ್ರೈಮರ್‌ಗೆ ಅಂಟತಾವ.

ಗಾಳಿಕೊಳವಿ, ಕಲಬುರಗಿ

ಬಿಸಿಲಿನ ಮಾತು. ಮುಂಜಾನಿ 9ರ ಒಳಗ ಕೆಲಸ ಮುಗಸ್ರಿ. ಅರ್ಧ ತಾಸು ಮೊದಲು ಕೂಲರ್ ಹಚ್ಚಿ ಖೋಲಿ ಥಂಡಿ, ತೇವ ಆಗಲಿ. ಸ್ಪ್ರೇ ಮಾಡೋ ಹೊತ್ತಿಗೆ ಬಂದ್ ಮಾಡ್ರಿ, ಧೂಳು ಹಾರಸ್ತದ.

ವಲೆಹೋ ಕಂಪನಿ ಪ್ರೈಮರ್ ಪಾಲಿಯುರೆಥೇನ್, ಅದಕ್ಕ ನೀರು ಬೆರಸಬ್ಯಾಡ್ರಿ. ಹಂಗೇ ಹೊಡೀರಿ, ಇಲ್ಲಾ ಅದರದೇ ಥಿನ್ನರ್ ಹತ್ತು ಹನಿಗೆ ಎರಡು. ಒತ್ತಡ 25 ಪಿಎಸ್‌ಐ, ದೂರ 8 ಸೆಂಮೀ. ಆಮೇಲಿನ ಬಣ್ಣಕ್ಕ 15-18 ಸಾಕು, ಅದರಾಗ ರಿಟಾರ್ಡರ್ (ಬಣ್ಣ ತಡವಾಗಿ ಒಣಗಸೋ ದ್ರವ) ಒಂದು ಹನಿ. ಮಾಡಲ್ ಮೈ ಮುಟ್ಟಿದ್ರ ಮರಳು ಕಾಗದದಂಗ ಹತ್ತಿದ್ರ ಬಣ್ಣ ಗಾಳಿಯಾಗೇ ಒಣಗ್ಯಾದ ಅಂತ ತಿಳೀರಿ: ಹತ್ರ ತರ್ರಿ, ಒತ್ತಡ ಇಳಸ್ರಿ. ಬಣ್ಣ ಜೇಡರ ಕಾಲಿನಂಗ ಹರದ್ರ ತೆಳು ಭಾಳ ಆಗ್ಯಾದ, ಇಲ್ಲಾ ಏರ್‌ಬ್ರಷ್ ಲಿವರ್ ಜಾಸ್ತಿ ಎಳದೀರಿ. ಏರ್‌ಬ್ರಷ್‌ಗೆ ಬಣ್ಣ ಹಾಕೋ ಕಪ್ಪಿನಾಗ ಗುಳ್ಳಿ ಎದ್ರ ನಾಝಲ್ ಕಟ್ಟ್ಯಾದ ಇಲ್ಲಾ ಸರಿ ಕೂತಿಲ್ಲ. ಸೂಜಿ ತುದಿಗೆ ಒಣಗಿದ್ದನ್ನ ಕ್ಲೀನರ್ ಹಚ್ಚಿದ ಹತ್ತಿ ಕಡ್ಡಿಯಿಂದ ಆಗಾಗ ಒರಸ್ತಾ ಇರ್ರಿ. ಉಗುರಿನಿಂದ ಕೆರದ್ರ ಸೂಜಿ ಬಾಗತದ, ಆಮ್ಯಾಲ ಸ್ಪ್ರೇ ಒಂದೇ ಮಗ್ಗಲಿಗೆ ಹೋಗ್ತದ.

ಬಣ್ಣಕ್ಕ ಬೋರಿನ ನೀರು ಬ್ಯಾಡ, ಗಡಸು ನೀರಿನ ಉಪ್ಪು ನಾಝಲ್‌ನಾಗ ಕೂಡ್ತದ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತರ್ರಿ. ಅದೇ ಅಂಗಡ್ಯಾಗ ಬ್ಯಾಟರಿ ಆ್ಯಸಿಡ್ ಕ್ಯಾನೂ ಇರ್ತದ, ಲೇಬಲ್ ಓದೇ ತಗೋರಿ.

ಮರದ ಪಟ್ಟಿ ಮ್ಯಾಲ ಡಬಲ್ ಟೇಪ್ ಹಚ್ಚಿ ಹತ್ತು ಮಾಡಲ್, ನಡುವ ಎರಡು ಬೆರಳು ಜಾಗ. ಪೂರ್ತಿ ಕಪ್ಪು, 45 ಡಿಗ್ರಿ ಮ್ಯಾಲಿಂದ ಬೂದಿ, ನೆತ್ತಿ ಮ್ಯಾಲಿಂದ ಬಿಳಿ. ನೆರಳು-ಬೆಳಕು ಅಲ್ಲೇ ಕೂಡ್ತದ, ಮ್ಯಾಲ ತೆಳು ಬಣ್ಣ ಹಾಕಿದ್ರ ಸಾಕು. ಮಾಸ್ಕ್ ತಪ್ಪಸಬ್ಯಾಡ್ರಿ, ನೀರಿನ ಬಣ್ಣ ಇದ್ರೂ ಕಣ ಪುಪ್ಪಸಕ್ಕ ಹೋಗ್ತಾವ.

ತೊಗರಿಕಣಜ, ಕಲಬುರಗಿ

ಭಾಳ ಉಪಕಾರ ಆತು. ಸವಾರನ್ನ ಕುದುರಿ ಮ್ಯಾಲ ಕೂಡಿಸಿಯೇ ಹೊಡೀಲೇನು?

ಗಾಳಿಕೊಳವಿ, ಕಲಬುರಗಿ

ಬ್ಯಾರೆ ಇಟ್ಟು ಹೊಡೀರಿ, ಇಲ್ಲಂದ್ರ ತಡಿ, ತೊಡಿ ಒಳಮಗ್ಗಲಿಗೆ ಬಣ್ಣ ಮುಟ್ಟಂಗಿಲ್ಲ. ಅಂಟಿಸೋ ಜಾಗಕ್ಕ ಮಾಸ್ಕಿಂಗ್ ಟೇಪ್ ಚೂರು ಹಚ್ಚಿರ್ರಿ, ಬಣ್ಣದ ಮ್ಯಾಲ ಅಂಟು ಹಾಕಿದ್ರ ಬಣ್ಣ ಸಮೇತ ಕಿತ್ತು ಬರ್ತದ. ಅಂಟಿಸೋದು ವಾರ್ನಿಷ್‌ಗಿಂತ ಮೊದಲು: ಫೆವಿಕ್ವಿಕ್ ಆವಿ ಸುತ್ತ ಬಿಳಿ ಪೊರಿ ಕಟ್ಟತದ, ಮ್ಯಾಟ್ ವಾರ್ನಿಷ್ ಅದನ್ನ ಬಹುತೇಕ ಮುಚ್ಚತದ. ವಾರ್ನಿಷ್ ಬಾಟಲಿ ಎರಡು ನಿಮಿಷ ಛಲೋತ್ನಾಗ ಕುಲುಕ್ರಿ. ಮ್ಯಾಟ್ ಮಾಡೋ ಪುಡಿ ತಳಕ್ಕ ಇಳದಿರ್ತದ.