ಕಾಣದ ಬದಿಯಿಂದ ಬಂದ ಚೆಂಡಿಗೆ ಅಮ್ಮ ತಲೆ ತಗ್ಗಿಸಿದ್ದು ಹೇಗೆ?

ಪ್ರಶ್ನೆ (ಮಲ್ಪೆ):
ಸ್ಟ್ರೋಕ್ ಆದ ಮೇಲೆ ಅಮ್ಮನಿಗೆ ಎಡಬದಿ ಕಾಣುವುದಿಲ್ಲ. ಬಟ್ಟಲಿನ ಎಡಕ್ಕಿಟ್ಟ ಬಂಗುಡೆ ಹಾಗೇ ಉಳಿಯುತ್ತದೆ. ನಿನ್ನೆ ಅಂಗಳದಲ್ಲಿ ಮಗ ಹೊಡೆದ ಚೆಂಡು ಎಡಗಡೆಯಿಂದ ಬಂತು. ಅಮ್ಮ ತಟ್ಟನೆ ಬಗ್ಗಿದರು! ಕಂಡಿತಾ ಎಂದು ಕೇಳಿದರೆ, "ಎಂತದೂ ಕಾಣ್ಲಿಲ್ಲ ಮಾರಾಯ, ಸುಮ್ನೆ ಬಗ್ಗಿದೆ" ಅಂದರು.

ಉತ್ತರ (ಮಣಿಪಾಲ):
ಇದು ಬ್ಲೈಂಡ್‌ಸೈಟ್ ಇರಬಹುದು, ಅಂದರೆ ಕಂಡ ಅರಿವೇ ಇಲ್ಲದಿದ್ದರೂ ಕಣ್ಣಿಗೆ ಬಿದ್ದದ್ದಕ್ಕೆ ಮಿದುಳು ಸ್ಪಂದಿಸುವುದು. 1974ರಲ್ಲಿ ಮನೋವಿಜ್ಞಾನಿ ಲಾರೆನ್ಸ್ ವೈಸ್‌ಕ್ರಾಂಟ್ಜ್ ತಂಡ ಡಿ.ಬಿ. ಎಂಬ ರೋಗಿಯ ಬಗ್ಗೆ ಬರೆಯಿತು. ಕುರುಡು ಬದಿಯಲ್ಲಿ ಏನೂ ಕಾಣುತ್ತಿಲ್ಲ ಎನ್ನುತ್ತಲೇ ಆತ ಬೆಳಕಿನ ಚುಕ್ಕೆ ಇದ್ದ ಕಡೆಗೇ ಕೈ ಚಾಚುತ್ತಿದ್ದ. ಕಣ್ಣಿನಿಂದ ಮಿದುಳಿನ ಹಿಂಭಾಗಕ್ಕೆ ಹೋಗುವ ಹೆದ್ದಾರಿ ಕೆಟ್ಟರೂ, ನಡುಮಿದುಳಿನ ಮೂಲಕ ಒಳದಾರಿಯೊಂದು ಉಳಿದಿರುತ್ತದೆ. ಆದರೆ ಒಂದು ಚೆಂಡು ಸಾಕ್ಷಿಯಲ್ಲ. ಸದ್ದು ಕೇಳಿರಬಹುದು ಅಲ್ವಾ? ಬಂಗುಡೆ ಬಿಡುವುದು ಎಡಬದಿಗೆ ಗಮನವೇ ಹೋಗದ ತೊಂದರೆಯೂ ಆಗಿರಬಹುದು, ಡಾಕ್ಟರಿಗೆ ಹೇಳಿ.

ಉತ್ತರ (ಕದ್ರಿ):
ಭಾವನೆಗೂ ಇದೇ ಕಥೆ. 1999ರಲ್ಲಿ ನರವಿಜ್ಞಾನಿ ಬೀಟ್ರಿಸ್ ಡಿ ಗೆಲ್ಡರ್ ತಂಡ ಜಿ.ವೈ. ಎಂಬ ರೋಗಿಗೆ ಕುರುಡು ಬದಿಯಲ್ಲಿ ಮುಖಗಳನ್ನು ತೋರಿಸಿತು. ಮುಖ ಕಾಣದಿದ್ದರೂ ಅದರ ಭಾವ ಯಾವುದೆಂದು ಆತ ಊಹಿಸಿದ್ದು ಜಾಸ್ತಿ ಸಲ ಸರಿಯಾಗಿತ್ತು.

ಮಲ್ಪೆಯವ:
ಸದ್ದು ಇರಲಿಲ್ಲ ಮಾರಾಯ್ರೇ, ಅದು ಸ್ಪಂಜಿನ ಚೆಂಡು. ಸೋಮವಾರ ಡಾಕ್ಟರಿಗೆ ಬಂಗುಡೆ ವಿಷಯವನ್ನೇ ಮೊದಲು ಹೇಳುತ್ತೇನೆ.